ತಂದೆ ಟಿಬೆಟಿನವರು, ತಾಯಿ ಪಿರಿಯಾಪಟ್ಟಣದವರು: ನಾನು ಯಾರ ಮನೆಯವಳು?

ನಿಮ್ಮ ಪ್ರಶ್ನೆಯನ್ನು ಮೂರು ಬಾರಿ ಓದಿದೆ. ನಿಮಗೆ ಹದಿನೇಳು ವರ್ಷ, ಮೈಸೂರಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೀರಿ. ತಂದೆ 1979ರಲ್ಲಿ ಬೈಲಕುಪ್ಪೆಯ ನಿರಾಶ್ರಿತರ ಕ್ಯಾಂಪಿನಲ್ಲೇ ಹುಟ್ಟಿದ ಟಿಬೆಟಿನವರು, ತಾಯಿ ಪಿರಿಯಾಪಟ್ಟಣದ ಕಡೆಯ ರೈತರ ಮನೆಯವರು. ಕ್ಯಾಂಪಿನ ಹುಡುಗಿಯರು ನಿಮ್ಮನ್ನು ‘ಗ್ಯಾಗರ್’, ಅಂದರೆ ಇಂಡಿಯಾದವಳು ಎನ್ನುತ್ತಾರೆ, ಕಾಲೇಜಿನವರು ‘ನೇಪಾಳದವಳಾ?’ ಎಂದು ಕೇಳುತ್ತಾರೆ. ನೀವು ಪ್ರೀತಿಸುವ ಸಹಪಾಠಿ ಯುಗಾದಿಗೆ ತನ್ನ ಮನೆಗೆ ಕರೆದಿದ್ದಾನೆ. ನಿಮ್ಮ ಮನೆಯ ಹೊಸ್ತಿಲನ್ನು ಇಷ್ಟು ವರ್ಷ ತುಳಿಯದಿದ್ದ ತಾಯಿಯ ತಾಯಿಯೂ ಅದೇ ಹಬ್ಬಕ್ಕೆ ಬರಬೇಕೆಂದು ಹೇಳಿ ಕಳುಹಿಸಿದ್ದಾರೆ. ಎಲ್ಲಿಗೆ ಹೋಗಲಿ, ನಾನು ಯಾರ ಮನೆಯವಳು ಎಂದು ಕೇಳಿದ್ದೀರಿ.

ನಾನು 1984ರಲ್ಲಿ ಇಂಥದೇ ಮನೆಯಲ್ಲಿ ಹುಟ್ಟಿದವಳು. 1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟ ಮೇಲೆ ಗಡಿ ದಾಟಿ ಬಂದ ಕುಟುಂಬಗಳಲ್ಲಿ ನನ್ನ ತಂದೆಯದೂ ಒಂದು. ಅಂದಿನ ಮೈಸೂರು ರಾಜ್ಯ ಸರ್ಕಾರ 1960ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಜಾಗ ಕೊಟ್ಟಾಗ, ಅಲ್ಲಿ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದವರಲ್ಲಿ ನನ್ನ ಮೋಲಾ, ಅಂದರೆ ತಂದೆಯ ತಾಯಿ, ಇದ್ದರು. ಅದೇ ಹೊಲಗಳಿಗೆ ತೆನೆ ಮುರಿಯುವ ಕೂಲಿಗೆ ಬರುತ್ತಿದ್ದ ನನ್ನ ತಾಯಿ ತಂದೆಯನ್ನು ಕಂಡದ್ದೂ ಮದುವೆಯಾದದ್ದೂ ಬೇರೆಯೇ ಕಥೆ. ಆ ಮದುವೆಯ ನಂತರ ತವರಿನ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು ಎಂಬುದಷ್ಟೇ ಇಲ್ಲಿಗೆ ಬೇಕಾದ ಮಾತು.

ನಿಮ್ಮ ವಯಸ್ಸಿನಲ್ಲಿ ನಾನೂ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಮದ್ದೂರಿನ ಕಡೆಯ ಹುಡುಗನೊಬ್ಬನನ್ನು ಪ್ರೀತಿಸಿದೆ. ಸಂಕ್ರಾಂತಿಗೆ ಅವನ ಊರಿಗೆ ಹೋದೆವು. ನಾಲೆಯ ನೀರುಂಡ ಕಬ್ಬಿನ ಗದ್ದೆಗಳ ನಡುವೆ ದೊಡ್ಡ ಮನೆ. ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮಂದಿರು, ಲೆಕ್ಕಕ್ಕೆ ಸಿಗದಷ್ಟು ಮಕ್ಕಳು. ಸಂಜೆ ಮೈತೊಳೆದು ಕೊಂಬಿಗೆ ಬಣ್ಣ ಬಳಿದ ದನಗಳನ್ನು ಕಿಚ್ಚು ಹಾಯಿಸಿದಾಗ ನಾನೂ ಮಕ್ಕಳ ಜೊತೆ ಕೂಗಿ ಕುಣಿದೆ. ಅಡುಗೆಮನೆಯಲ್ಲಿ ಅವನ ತಾಯಿ ನನ್ನ ಬೊಗಸೆಗೆ ಎಳ್ಳು ಬೆಲ್ಲ ಸುರಿದು, ತಲೆ ಸವರಿ, ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡವ್ವ’ ಎಂದರು. ನನ್ನ ತಾಯಿಯ ಕಡೆಯ ಅಡುಗೆಮನೆಯನ್ನು ಆವರೆಗೆ ಕಂಡಿರದ ನಾನು, ಯಾರಿಗೂ ಕಾಣದಂತೆ ಹಿತ್ತಲಿಗೆ ಹೋಗಿ ಅತ್ತೆ.

ಊರು ಸೇರುವ ಮುನ್ನ ಹುಡುಗ ಬಸ್ಸಿನಲ್ಲೇ ನನ್ನಿಂದ ಒಂದು ಮಾತು ಪಡೆದಿದ್ದ. ತಂದೆಯ ವಿಚಾರ ಸದ್ಯಕ್ಕೆ ಬೇಡ, ಕೊಡಗಿನವರು, ಕಾಫಿ ತೋಟವಿದೆ ಎಂದು ಮನೆಯಲ್ಲಿ ಹೇಳಿದ್ದೇನೆ, ನೀನೂ ಹಾಗೇ ಹೇಳು ಎಂದಿದ್ದ. ನಾನು ಒಪ್ಪಿದ್ದೆ. ಅವನ ತಾಯಿ ಕೇಳಿದಾಗ ಕಾಫಿ ತೋಟವೆಂದೇ ಹೇಳಿದೆ. ಅವರು ನಂಬಿ, ‘ನಿಮ್ಮಪ್ಪ ಅಮ್ಮಂಗೆ ಕೊಡು’ ಎಂದು ಎಳ್ಳು ಬೆಲ್ಲದ ಒಂದು ಪೊಟ್ಟಣ ಕಟ್ಟಿಕೊಟ್ಟರು.

ಚಳಿಗಾಲದ ಸ್ವೆಟರ್ ವ್ಯಾಪಾರಕ್ಕೆ ದೂರದ ಊರಿಗೆ ಹೋಗಿದ್ದ ತಂದೆ ತಿಂಗಳ ಕೊನೆಗೆ ಮರಳಿದಾಗ ಆ ಪೊಟ್ಟಣವನ್ನು ಕೊಟ್ಟೆ. ಪಾಲಾ, ಅಂದರೆ ನನ್ನ ತಂದೆ, ಸಕ್ಕರೆ ಅಚ್ಚನ್ನು ಎರಡು ತುಂಡು ಮಾಡಿ ಒಂದನ್ನು ತಾಯಿಗೆ ಕೊಟ್ಟು, ನೋಡದೆಯೂ ನಮ್ಮನ್ನು ನೆನೆದ ಮನೆ ಒಳ್ಳೆಯದು ಎಂದರು. ಲೋಸಾರ್, ಅಂದರೆ ಟಿಬೆಟಿನ ಹೊಸ ವರ್ಷದ ಹಬ್ಬಕ್ಕೆ ಕರಿದ ಖಬ್ಸೆ ಎಂಬ ತಿಂಡಿಯನ್ನು ಡಬ್ಬಿಗೆ ತುಂಬಿ, ಅವರಿಗೆ ನಮ್ಮ ಹಬ್ಬದ್ದನ್ನು ಕೊಡು ಎಂದು ನನ್ನ ಕೈಗಿತ್ತರು. ನಾನು ಆ ಡಬ್ಬಿಯನ್ನು ಮದ್ದೂರಿಗೆ ಒಯ್ಯಲಾಗಲಿಲ್ಲ. ಕಾಫಿ ತೋಟದ ಮನೆಯಲ್ಲಿ ಖಬ್ಸೆ ಕರಿಯುತ್ತಾರೆಂದು ಯಾವ ಬಾಯಲ್ಲಿ ಹೇಳಲಿ? ಅದು ಹಾಸ್ಟೆಲಿನ ಟ್ರಂಕಿನಲ್ಲಿ ಪರೀಕ್ಷೆ ಮುಗಿಯುವವರೆಗೂ ಬಿದ್ದಿತ್ತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆ ಹುಡುಗ ಕೆಟ್ಟವನಲ್ಲ. ಮನೆಯವರಿಗೆ ಹೆದರಿದ ಹದಿನೆಂಟರ ಹುಡುಗ. ಆದರೆ ನಾನು ಪ್ರೀತಿಸಿದ್ದು ಅವನನ್ನು ಎಷ್ಟು, ಅವನ ಮನೆಯ ಜನರನ್ನು ಎಷ್ಟು ಎಂದು ಆ ಟ್ರಂಕು ತೆರೆದಾಗಲೆಲ್ಲ ಕೇಳಿಕೊಳ್ಳಬೇಕಾಯಿತು, ಮತ್ತು ಬಂದ ಉತ್ತರ ನನಗೆ ಹಿತವಾಗಿರಲಿಲ್ಲ. ನನ್ನ ತಾಯಿಗೆ ಮುಚ್ಚಿದ ಬಾಗಿಲನ್ನು ಅವನ ಕೈ ಹಿಡಿದು ಇನ್ನೊಂದು ಊರಿನಲ್ಲಿ ತೆರೆಸಿಕೊಳ್ಳಲು ಹೊರಟಿದ್ದೆ, ಅದಕ್ಕೆ ತಂದೆಯನ್ನು ಹೊರಗೆ ನಿಲ್ಲಿಸಲು ಒಪ್ಪಿದ್ದೆ. ನಿಮ್ಮ ಪತ್ರದಲ್ಲಿ ಹುಡುಗನ ಬಗ್ಗೆ ಎರಡು ಸಾಲು, ಅವನ ಅಕ್ಕ, ಅಜ್ಜಿ, ತುಂಬಿದ ಮನೆಯ ಬಗ್ಗೆ ಹತ್ತು ಸಾಲು ಇದೆ. ಅದಕ್ಕಾಗಿ ನಿಮ್ಮನ್ನು ದೂರುತ್ತಿಲ್ಲ, ಆ ಹಸಿವು ನನಗೆ ಗೊತ್ತು. ಆದರೆ ಪ್ರೀತಿಯೂ ಮನೆಯ ಹಸಿವೂ ಬೇರೆ ಬೇರೆ. ಎರಡನ್ನೂ ಒಬ್ಬ ಹುಡುಗನ ಹೆಗಲಿಗೆ ಹೇರಿದರೆ ಅವನೂ ಬಾಗುತ್ತಾನೆ, ನೀವೂ ನೋಯುತ್ತೀರಿ.

ಆದ್ದರಿಂದ ಯುಗಾದಿಗೆ ಅಜ್ಜಿಯ ಮನೆಗೆ ಹೋಗಿ ಎಂಬುದು ನನ್ನ ಉತ್ತರ. ಅವನನ್ನು ಕರೆದುಕೊಳ್ಳದೆ ಹೋಗಿ. ತಾಯಿ ಬರಲು ಒಪ್ಪಿದರೆ ಅವರೊಡನೆ.

ನಾನು ಆ ವರ್ಷದ ಬೇಸಿಗೆ ರಜೆಯಲ್ಲಿ, ಯಾರೂ ಕರೆಯದೆ, ತಾಯಿಯ ಊರಿಗೆ ಬಸ್ಸು ಹತ್ತಿದೆ. ಅಜ್ಜಿ ನೀರು ಕೊಟ್ಟರು, ಊಟಕ್ಕೆ ಇಟ್ಟರು, ಎರಡು ದಿನ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಮಾವನ ಮಗ ಜಗಲಿಯಲ್ಲಿ ಸ್ಲೇಟು ಹಿಡಿದು ‘ಕ ಖ ಗ ಘ ಙ’ ಒಪ್ಪಿಸುತ್ತಿದ್ದ. ನಾನು ಏನೂ ಯೋಚಿಸದೆ, ಕ್ಯಾಂಪಿನ ಶಾಲೆಯಲ್ಲಿ ಕಲಿತ ರಾಗದಲ್ಲಿ ‘ಕ ಖ ಗ ಙ, ಚ ಛ ಜ ಞ, ತ ಥ ದ ನ, ಪ ಫ ಬ ಮ’ ಎಂದು ಹೇಳಿದೆ. ಟಿಬೆಟಿನ ಅಕ್ಷರಮಾಲೆ ನಡೆಯುವುದು ಹಾಗೆಯೇ. ಏಳನೆಯ ಶತಮಾನದಲ್ಲಿ ಥೋನ್ಮಿ ಸಂಭೋಟ ಎಂಬ ವಿದ್ವಾಂಸ ಭಾರತಕ್ಕೆ ಬಂದು ಕಲಿತು ಹೋಗಿ ಅದನ್ನು ರೂಪಿಸಿದನೆಂಬುದು ಅವರ ಪರಂಪರೆಯ ಮಾತು. ಕನ್ನಡದ ಲಿಪಿಯೂ ಟಿಬೆಟಿನ ಲಿಪಿಯೂ ಹಿಂದೆ ಹೋದರೆ ಬ್ರಾಹ್ಮಿಗೇ ಸೇರುತ್ತವೆ. ಹುಡುಗ ಸ್ಲೇಟು ಕೆಳಗಿಟ್ಟು, ‘ಅಕ್ಕ, ಘ ಬಿಟ್ಟೆ’ ಎಂದ. ನಾವು ಘ ಇಲ್ಲದೆಯೇ ಕಲಿಯುವುದು ಎಂದೆ. ಅಕ್ಷರ ಬಾರದ ಅಜ್ಜಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ಕೂತು, ‘ನಿಮ್ಮಪ್ಪನೂ ಹಿಂಗೇ ಓದ್ಕಂಡವ್ನಾ? ಇನ್ನೊಂದ್ಸಲ ಹೇಳು’ ಎಂದರು. ಅವರ ಬಾಯಿಂದ ನನ್ನ ತಂದೆಯ ಸುದ್ದಿ ಕೇಳಿದ್ದು ಅದೇ ಮೊದಲು. ತಂದೆ ಆ ಜಗಲಿ ಹತ್ತಲು ಮುಂದೆ ಇನ್ನೂ ನಾಲ್ಕು ವರ್ಷ ಹಿಡಿಯಿತು, ಹಾಗಾಗಿ ಒಂದೇ ಹಬ್ಬದಲ್ಲಿ ಎಲ್ಲ ಸರಿಹೋಗಬೇಕೆಂದು ನೀವು ಕಾಯಬೇಡಿ.

ಕಾಗದಪತ್ರದ ಭಯವನ್ನೂ ಬರೆದಿದ್ದೀರಿ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. 2010ರಲ್ಲಿ ದೆಹಲಿ ಹೈಕೋರ್ಟು ಟಿಬೆಟಿನ ತಂದೆತಾಯಿಗೆ ಇಲ್ಲಿ ಹುಟ್ಟಿದ ಮಹಿಳೆಯೊಬ್ಬರ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದು, ಅರ್ಜಿಯಲ್ಲಿ ತನ್ನನ್ನು ಟಿಬೆಟಿನವಳೆಂದು ಬರೆದುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ ಎಂದಿತು. ನಿಮ್ಮ ತಂದೆ ಆ ಅವಧಿಯಲ್ಲಿ ಹುಟ್ಟಿದವರು, ತಾಯಿ ಹೇಗೂ ಇಲ್ಲಿಯವರು. ಕಾಲೇಜಿನ ಅರ್ಜಿಯಲ್ಲಿ ಪೌರತ್ವದ ಖಾನೆಯ ಮುಂದೆ ನೀವು ಕೈ ನಡುಗಿಸಬೇಕಾಗಿಲ್ಲ. ಮದುವೆಯ ಮಾತಂತೂ ದೂರ: ಕಾನೂನಿನಂತೆ ನಿಮಗೆ ಹದಿನೆಂಟು, ಅವನಿಗೆ ಇಪ್ಪತ್ತೊಂದು ತುಂಬಬೇಕು. ನಾನು ಮುಂದೆ ಯಾರನ್ನು ಮದುವೆಯಾದೆ ಎಂಬುದನ್ನು ಬರೆಯುತ್ತಿಲ್ಲ, ಏಕೆಂದರೆ ನನಗೆ ಮನೆ ಸಿಕ್ಕಿದ್ದು ಮದುವೆಯಿಂದಲ್ಲ.

ಆ ಹುಡುಗನನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಅವನ ಮನೆಗೆ ಹೋಗುವ ಮೊದಲು ಅವನನ್ನು ನಿಮ್ಮ ಮನೆಗೆ ಕರೆಯಿರಿ. ಬೈಲಕುಪ್ಪೆಗೆ ಬಂದು, ನಿಮ್ಮ ತಂದೆಯ ಎದುರು ಕೂತು, ಬೆಣ್ಣೆ ಹಾಕಿದ ಉಪ್ಪು ಚಹಾ ಕುಡಿದು, ಅವರ ಹೆಸರನ್ನು ಸರಿಯಾಗಿ ಹೇಳಲು ಕಲಿಯಲಿ. ತನ್ನ ಮನೆಯವರಿಗೆ ಆ ಹೆಸರನ್ನು ಹೇಳಲು ಅವನಿಗೆ ಎಷ್ಟು ದಿನ ಬೇಕಾಗುತ್ತದೆ ನೋಡಿ. ನೀವು ಮಾತ್ರ ಅವನ ಮನೆಯಲ್ಲಿ ಯಾವ ಕಾಫಿ ತೋಟವನ್ನೂ ಹುಟ್ಟುಹಾಕಬೇಡಿ.

ಅಜ್ಜಿಯ ಮನೆಗೆ ಏನು ಒಯ್ಯಲಿ ಎಂದು ಕೊನೆಯಲ್ಲಿ ಕೇಳಿದ್ದೀರಿ. ಲೋಸಾರಿಗೆ ಕರಿದ ಖಬ್ಸೆ ಗಾಳಿಯಾಡದ ಡಬ್ಬಿಯಲ್ಲಿದ್ದರೆ ಯುಗಾದಿಯವರೆಗೂ ಗರಿಯಾಗಿರುತ್ತದೆ, ಅದನ್ನೇ ಒಯ್ಯಿರಿ. ಇದೇನು ಎಂದು ಅವರು ಕೇಳುತ್ತಾರೆ. ಮೈದಾ, ಬೆಣ್ಣೆ, ಸಕ್ಕರೆ ಎಂದು ಹೇಳಿ, ಅಪ್ಪ ಕರಿದದ್ದು ಎಂಬುದನ್ನೂ ಹೇಳಿ. ಲೋಸಾರಿನ ಮುನ್ನ ಗುತುಕ್ ಎಂಬ ನೂಡಲ್ಸ್ ಸೂಪಿನ ಹಿಟ್ಟಿನುಂಡೆಗಳಲ್ಲಿ ಉಣ್ಣೆ, ಮೆಣಸಿನಕಾಯಿ, ಇದ್ದಿಲು ಅಡಗಿಸಿ, ಯಾರ ಪಾಲಿಗೆ ಏನು ಬಂತೆಂದು ಮನೆಯವರೆಲ್ಲ ನಗುವುದನ್ನು ವಿವರಿಸಿ. ಬೇವು ಬೆಲ್ಲ ಹಂಚುವ ಕೈಗೆ ಅದು ಬೇಗ ಅರ್ಥವಾಗುತ್ತದೆ. ಹೊರಡುವಾಗ ಡಬ್ಬಿಯನ್ನು ಮರಳಿ ಕೇಳಬೇಡಿ. ನಮ್ಮ ಕಡೆ ಖಾಲಿ ಡಬ್ಬಿಯನ್ನು ಯಾರೂ ಹಿಂದಿರುಗಿಸುವುದಿಲ್ಲ, ಅದರಲ್ಲಿ ಏನಾದರೂ ತುಂಬಿಯೇ ಕೊಡುತ್ತಾರೆ. ಅದನ್ನು ತರಲು ನೀವು ಇನ್ನೊಮ್ಮೆ ಹೋಗಬೇಕಾಗುತ್ತದೆ.