ಕುಸಿದ ವರ್ಷ, ಮುಂದಿನ ಹೆಜ್ಜೆ

ಪ್ರಶ್ನೆ: 10,000 ಮೀಟರ್ ಓಡುವ ನನ್ನ ತಂಗಿಗೆ ಈ ವರ್ಷ ಒಂದೂ ಒಳ್ಳೆಯ ಸಮಯ ಬಂದಿಲ್ಲ. ದೊಡ್ಡ ಓಟಗಾರರು ಇಂಥ ವರ್ಷವನ್ನು ಹೇಗೆ ದಾಟುತ್ತಾರೆ?

ಉತ್ತರ: ಕೀನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ ಅವರನ್ನೇ ನೋಡಿ. 2012ರ ಲಂಡನ್ ಒಲಿಂಪಿಕ್ಸ್‌ಗೆ ಕೀನ್ಯಾ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಟ್ರ್ಯಾಕ್‌ನಿಂದ ರಸ್ತೆಗಿಳಿದು, 2013ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನನ್ನೇ ಗೆದ್ದರು. 2020ರ ಲಂಡನ್ ಮ್ಯಾರಥಾನ್‌ನಲ್ಲಿ 8ನೇ ಸ್ಥಾನಕ್ಕೆ ಜಾರಿದರೂ ಕಿಪ್ಚೋಗೆ ತಮ್ಮ ಕೋಚ್ ಪ್ಯಾಟ್ರಿಕ್ ಸಾಂಗ್ ಅವರನ್ನು ಬಿಡಲಿಲ್ಲ. ಮರುವರ್ಷ ಒಲಿಂಪಿಕ್ ಚಿನ್ನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 30 ಕಿ.ಮೀ. ನಂತರ ಓಟ ನಿಲ್ಲಿಸಬೇಕಾದಾಗ, ತಮ್ಮ ಶೂಗಳನ್ನು ನೋಡುಗರಿಗೆ ಕೊಟ್ಟು ಹೊರಟರು. ಎಂಥ ದೊಡ್ಡ ಮನಸ್ಸು!

ನಿಮ್ಮ ತಂಗಿ ಮೊದಲು ಎರಡು ವಾರ ಓಟ ಪೂರ್ತಿ ನಿಲ್ಲಿಸಲಿ. ಆ ಹೊತ್ತಿನಲ್ಲಿ ರಕ್ತಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಅಳತೆ) ಕೂಡ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರುವುದು ಓಟಗಾರ್ತಿಯರಲ್ಲಿ ತೀರಾ ಸಾಮಾನ್ಯ. ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ಬೇಡ. ಮುಟ್ಟು ತಪ್ಪುತ್ತಿದ್ದರೆ ಊಟ ಸಾಲದಿರಬಹುದು, ಅದನ್ನೂ ವೈದ್ಯರಿಗೆ ಹೇಳಿ.

ನಂತರ ಮೂರು ನಾಲ್ಕು ವಾರ ಮಾತಾಡುತ್ತಾ ಓಡಬಹುದಾದ ವೇಗ ಸಾಕು. ಸೋಲಿನ ಸಿಟ್ಟಿಗೆ ತಕ್ಷಣ ಇಂಟರ್ವಲ್‌ಗಳನ್ನು (ನಡುನಡುವೆ ಬಿಡುವು ಕೊಟ್ಟು ವೇಗವಾಗಿ ಓಡುವ ಸುತ್ತುಗಳನ್ನು) ಹೆಚ್ಚಿಸಿದರೆ ದಣಿದ ದೇಹಕ್ಕೆ ಮತ್ತಷ್ಟು ದಣಿವು, ಕೆಲವೊಮ್ಮೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು.