ಸಂಪಾದಕರ ಉತ್ತರ: ಕಾರ್ಖಾನೆ ಮುಚ್ಚಿತು, ಡಾಂಬರು ಉಳಿಯಿತು

(ಕಳೆದ ಸಂಚಿಕೆಯಲ್ಲಿ ಬಂದ ಲಂಡನ್ನಿನ ಗ್ಯಾಸ್ ದೀಪಗಳ ಲೇಖನವನ್ನು ಓದಿ ಹಾಸನದ ಓದುಗರೊಬ್ಬರು ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ. ಕಲ್ಲಿದ್ದಲನ್ನು ಕಾಯಿಸಿ ಪಡೆದು ಮನೆಗೂ ಬೀದಿಗೂ ಕೊಳವೆಯಲ್ಲಿ ಹರಿಸುತ್ತಿದ್ದ ಕಲ್ಲಿದ್ದಲು ಅನಿಲವನ್ನು ಪಾಶ್ಚಾತ್ಯರು ಮಾಲಿನ್ಯ ತಡೆಯಲೆಂದೇ ಕೈಬಿಟ್ಟರಲ್ಲವೇ? ಬಿಟ್ಟ ಮೇಲೆ ಆ ಸಮಸ್ಯೆ ಮುಗಿದಂತಲ್ಲವೇ? ಬೆಂಗಳೂರಿನಲ್ಲೂ ಅಂಥ ಕಾರ್ಖಾನೆ ಇತ್ತೇ?)

ಮಾನ್ಯರೇ,

ಬ್ರಿಟನ್ನಾಗಲಿ ಅಮೆರಿಕವಾಗಲಿ ಕಲ್ಲಿದ್ದಲು ಅನಿಲವನ್ನು ಬಿಟ್ಟದ್ದು ಮಾಲಿನ್ಯಕ್ಕೆ ಹೆದರಿ ಅಲ್ಲ. ನೆಲದೊಳಗಿನ ನೈಸರ್ಗಿಕ ಅನಿಲ ಅದಕ್ಕಿಂತ ಅಗ್ಗಕ್ಕೆ ಸಿಕ್ಕಿತೆಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟೆಕ್ಸಾಸಿನಿಂದ ಪೂರ್ವ ಕರಾವಳಿಗೆ ತೈಲ ಸಾಗಿಸಲು ಹಾಕಿದ್ದ ಎರಡು ದೊಡ್ಡ ಕೊಳವೆ ಮಾರ್ಗಗಳನ್ನು 1947ರಲ್ಲಿ ನೈಸರ್ಗಿಕ ಅನಿಲಕ್ಕೆ ತಿರುಗಿಸಲಾಯಿತು. ಅಂಥ ಮಾರ್ಗ ತಲುಪಿದ ಊರುಗಳಲ್ಲಿ ಗ್ಯಾಸ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಬ್ರಿಟನ್ನಿನಲ್ಲಿ 1965ರಲ್ಲಿ ಉತ್ತರ ಸಮುದ್ರದಡಿ ಅನಿಲ ದೊರೆತ ಮೇಲೆ, 1967ರಿಂದ 1977ರವರೆಗಿನ ಹತ್ತು ವರ್ಷಗಳಲ್ಲಿ ಇಡೀ ದೇಶ ಆ ಅನಿಲಕ್ಕೆ ಬದಲಾಯಿತು. ಒಂದೇ ಅಳತೆಯ ಕಲ್ಲಿದ್ದಲು ಅನಿಲಕ್ಕಿಂತ ನೈಸರ್ಗಿಕ ಅನಿಲ ಸುಮಾರು ಎರಡರಷ್ಟು ಶಾಖ ಕೊಡುವುದರಿಂದ, ಮನೆಮನೆಗೂ ಹೋಗಿ ಒಟ್ಟು ಸುಮಾರು 4 ಕೋಟಿ ಒಲೆ, ಹೀಟರುಗಳ ಬರ್ನರುಗಳನ್ನು ಬದಲಿಸಬೇಕಾಯಿತು. ಇದರಿಂದ ಒಂದು ದೊಡ್ಡ ಒಳಿತಾಯಿತೆಂಬುದನ್ನು ಒಪ್ಪಲೇಬೇಕು: ಹಳೆಯ ಅನಿಲದಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಅಡುಗೆಮನೆಯ ಕೊಳವೆಯಿಂದ ದೂರವಾಯಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಕಾರ್ಖಾನೆಯ ಹಿತ್ತಲಿನಲ್ಲಿದೆ. ಗಾಳಿಯಾಡದ ಒಲೆಯಲ್ಲಿ ಕಲ್ಲಿದ್ದಲನ್ನು ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅನಿಲ ಹೊರಬಂದು ಕೋಕ್ ಎಂಬ ಗಟ್ಟಿ ಇಂಧನ ಉಳಿಯುತ್ತದೆ. ಆ ಅನಿಲವನ್ನು ತಣಿಸಿದಾಗ ಡಾಂಬರೂ ಅಮೋನಿಯಾ ಬೆರೆತ ನೀರೂ ಇಳಿಯುತ್ತವೆ. ಆಮೇಲೂ ಉಳಿಯುವ ಗಂಧಕದ ದುರ್ನಾತವನ್ನು ಕಳೆಯಲು ಅದನ್ನು ಮೊದಮೊದಲು ಸುಣ್ಣದ ಮೂಲಕ, 19ನೇ ಶತಮಾನದ ನಡುವಿನಿಂದೀಚೆಗೆ ಕಬ್ಬಿಣದ ಆಕ್ಸೈಡಿನ ಮೂಲಕ ಹಾಯಿಸುತ್ತಿದ್ದರು. ಬಳಸಿ ಬಿಸಾಡಿದ ಈ ಪುಡಿ ಸೈನೈಡಿನ ಸಂಯುಕ್ತಗಳನ್ನು ಹಿಡಿದಿಟ್ಟುಕೊಂಡು, ಇಂದಿಗೂ ಹಳೆಯ ಗ್ಯಾಸ್ ಕಾರ್ಖಾನೆಗಳ ನೆಲ ಅಗೆದಾಗ ನೀಲಿ ಮಣ್ಣಾಗಿ ಕಾಣಿಸಿಕೊಳ್ಳುತ್ತದೆ.

ಇವೆಲ್ಲವೂ ಕಸವೇ ಆಗಿದ್ದವೆಂದಲ್ಲ. 1856ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ವಿಲಿಯಂ ಪರ್ಕಿನ್ ಡಾಂಬರಿನ ಮೂಲದಿಂದ ನೇರಳೆ ಬಣ್ಣ ತಯಾರಿಸಿದಂದಿನಿಂದ ಬಣ್ಣ, ಔಷಧಿಗಳ ಒಂದು ಉದ್ಯಮವೇ ಅದರ ಮೇಲೆ ನಿಂತಿತು, ಅಮೋನಿಯಾ ಗೊಬ್ಬರವಾಯಿತು. 1870ರಲ್ಲಿ ಲಂಡನ್ನಿನ ಪೂರ್ವಕ್ಕೆ ಆರಂಭವಾದ ಬೆಕ್ಟನ್ನಿನಂಥ ಬೃಹತ್ ಸ್ಥಾವರದ ಪಕ್ಕದಲ್ಲೇ ಈ ಉಪೋತ್ಪನ್ನಗಳಿಗೆ ಬೇರೆ ಕಾರ್ಖಾನೆ ಇತ್ತು. ಆದರೆ ಕೊಳ್ಳುವವರಿಲ್ಲದ ಸಣ್ಣ ಊರಿನ ಕಾರ್ಖಾನೆಯವನು ಏನು ಮಾಡಬೇಕು? ಗುಂಡಿ ತೋಡಿ ಸುರಿದ, ಇಲ್ಲವೇ ಹಳ್ಳಕ್ಕೆ ಬಿಟ್ಟ. ಅಮೆರಿಕದಲ್ಲಿ 1870ರ ದಶಕದಿಂದ ಹಬ್ಬಿದ, ಕಾದ ಕೋಕಿನ ಮೂಲಕ ಉಗಿ ಹಾಯಿಸಿ, ಬಂದ ಅನಿಲಕ್ಕೆ ತೈಲ ಬೆರೆಸುವ ವಿಧಾನದಲ್ಲಂತೂ ಡಾಂಬರು ನೀರಿನೊಡನೆ ಕಲೆಸಿಹೋಗಿ ಮಾರಲು ಬಾರದಂತಾಗುತ್ತಿತ್ತು. ಬೆಲೆ ಇದ್ದಾಗ ಸರಕು, ಇಲ್ಲದಾಗ ವಿಷ. ಮಾಲಿನ್ಯದ ಲೆಕ್ಕವನ್ನು ಮಾರುಕಟ್ಟೆಯೇ ಬರೆಯಿತೆಂದು ನನ್ನ ಎಣಿಕೆ.

ಈ ಡಾಂಬರು ನೀರಿಗಿಂತ ಭಾರ. ಎಣ್ಣೆಯಂತೆ ಮೇಲೆ ತೇಲದೆ, ಅಂತರ್ಜಲವನ್ನೂ ದಾಟಿ ಜೇಡಿಮಣ್ಣಿನ ಪದರ ಸಿಗುವವರೆಗೆ ಇಳಿಯುತ್ತದೆ. ಅಲ್ಲಿಂದ ಬೆಂಜೀನ್, ನ್ಯಾಫ್ತಲೀನ್ ಎಂಬ ವಿಷವಸ್ತುಗಳನ್ನು ದಶಕಗಟ್ಟಲೆ ನೀರಿಗೆ ಬಿಡುತ್ತಲೇ ಇರುತ್ತದೆ. ಕ್ಯಾನ್ಸರ್‌ಕಾರಕವಾದ ಬೆಂಜೋಪೈರೀನನ್ನು ಲಂಡನ್ನಿನ ವಿಜ್ಞಾನಿಗಳು 1930ರ ದಶಕದಲ್ಲಿ ಬೇರ್ಪಡಿಸಿದ್ದೂ ಕಲ್ಲಿದ್ದಲಿನ ಡಾಂಬರಿನಿಂದಲೇ. ಅಷ್ಟು ಗೊತ್ತಿದ್ದೂ ಮುಚ್ಚಿದ ಕಾರ್ಖಾನೆಗಳ ನೆಲವನ್ನು ಪರೀಕ್ಷಿಸುವ ಕೆಲಸ ಬಹುಕಾಲ ಹಿಂದೆ ಬಿತ್ತು. ಅಮೆರಿಕದ ಸಿಯಾಟಲ್ಲಿನ ಗ್ಯಾಸ್ ಕಾರ್ಖಾನೆ 1906ರಿಂದ 1956ರವರೆಗೆ ನಡೆದು, 1975ರಲ್ಲಿ ಅದರ ಜಾಗ ಉದ್ಯಾನವಾಯಿತು. ಹಳೆಯ ಯಂತ್ರಗಳನ್ನು ಉಳಿಸಿಕೊಂಡ ಆ ವಿನ್ಯಾಸವನ್ನು ಜಗತ್ತೇ ಕೊಂಡಾಡಿತು. 1984ರಲ್ಲಿ ಮಣ್ಣಿನ ಮಾಲಿನ್ಯದ ಕಾರಣ ಉದ್ಯಾನವನ್ನು ಕೆಲಕಾಲ ಮುಚ್ಚಬೇಕಾಯಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಮೂರು ಗ್ಯಾಸ್ ಕಾರ್ಖಾನೆಗಳು ದಡದಲ್ಲಿದ್ದ ಗೊವಾನಸ್ ಕಾಲುವೆಯನ್ನು ಅಮೆರಿಕದ ಸರ್ಕಾರ ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿದ್ದು 2010ರಲ್ಲಿ. ಹೂಳು ಎತ್ತುವ ಮುಖ್ಯ ಕೆಲಸ ಆರಂಭವಾದದ್ದು 2020ರಲ್ಲಿ. ಹೊಗೆಯೂ ನಾತವೂ ನಿಂತ ಮೇಲೆ ದೂರುವವರು ಇಲ್ಲವಾಗುತ್ತಾರೆ, ದೂರುವವರಿಲ್ಲದ ಜಾಗ ಮನೆ ಕಟ್ಟಲು ಬೇಗ ಮಾರಾಟವಾಗುತ್ತದೆ.

ಇನ್ನು ಬೆಂಗಳೂರು. ಕೋಲ್ಕತ್ತದ ಬೀದಿಗಳು 1857ರಿಂದ, ಮುಂಬೈ 1860ರ ದಶಕದಿಂದ ಕಲ್ಲಿದ್ದಲು ಅನಿಲದ ದೀಪಗಳನ್ನು ಕಂಡಿದ್ದವು. ಬೆಂಗಳೂರಿನ ಬೀದಿಗಳು ಮಾತ್ರ ಸೀಮೆಎಣ್ಣೆಯ ದೀಪದಿಂದ ನೇರವಾಗಿ, 1905ರಲ್ಲಿ, ಶಿವನಸಮುದ್ರದ ವಿದ್ಯುತ್ತಿಗೆ ಹೊರಳಿದವು. ಹಾಗೆಂದು ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊರತಾದುದೇನೂ ಅಲ್ಲ: ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಸ್ಥಾವರದಲ್ಲಿ ಕಬ್ಬಿಣ ಕರಗಿಸಲು ಬೇಕಾದ ಕೋಕನ್ನು ಇಂದಿಗೂ ಕಲ್ಲಿದ್ದಲನ್ನು ಕಾಯಿಸಿಯೇ ಪಡೆಯುತ್ತಾರೆ. ಅಲ್ಲಿ ಬೇಕಾದ ಸರಕು ಕೋಕ್, ಅನಿಲ ಅದರ ಜೊತೆಗೆ ಬರುವಂಥದ್ದು. ಕಲ್ಲಿದ್ದಲು ಅನಿಲದ ಅವನತಿಯೆಂದು ನಾವು ಹೇಳುವುದು ಮನೆಗೂ ಬೀದಿಗೂ ಕೊಳವೆಯಲ್ಲಿ ಹರಿಯುತ್ತಿದ್ದ ಅನಿಲಕ್ಕೆ ಮಾತ್ರ ಸಲ್ಲುತ್ತದೆ.

— ಸಂಪಾದಕ