ಕಲಬುರಗಿಯಲ್ಲಿ ಬಿ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿರುವವರು ಶುದ್ಧ ಇಂಧನಕ್ಕಾಗಿ ನ್ಯಾನೋರಂಧ್ರ ವಸ್ತುಗಳ ಸಂಶೋಧನೆಯನ್ನು ವೃತ್ತಿಯಾಗಿ ಆರಿಸಿಕೊಳ್ಳಬಹುದೇ?

ಖಂಡಿತ ಆರಿಸಿಕೊಳ್ಳಬಹುದು. ನ್ಯಾನೋರಂಧ್ರ ವಸ್ತುಗಳೆಂದರೆ ಅಣುಗಳು ಹೊಕ್ಕು ಕೂರುವಷ್ಟು ಕಿರಿದಾದ ರಂಧ್ರಗಳಿರುವ ಘನವಸ್ತುಗಳು. ಸೌರ ಫಲಕ, ಗಾಳಿಯಂತ್ರಗಳು ಇರುವಾಗ ಇದರಲ್ಲಿ ರಸಾಯನಶಾಸ್ತ್ರಜ್ಞರಿಗೇನು ಕೆಲಸ ಎಂದೂ ನೀವು ಕೇಳಿದ್ದೀರಿ. ನಾನು ಸೇಡಂ ಕಡೆಯವನು, ಇದೇ ಕ್ಷೇತ್ರದಲ್ಲಿ ದುಡಿಯುತ್ತಿರುವವನು; ನನ್ನ ಮಟ್ಟಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಸುಣ್ಣದ ಕಲ್ಲನ್ನು ಸುಡುತ್ತಾರಲ್ಲ, ಅದರಲ್ಲಿರುವ ಪ್ರತಿ 100 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದಾಗ 44 ಕಿಲೋ ಇಂಗಾಲದ ಡೈಆಕ್ಸೈಡ್ ಕಲ್ಲಿನೊಳಗಿಂದಲೇ ಹೊರಬರುತ್ತದೆ. ಕಲ್ಲಿದ್ದಲನ್ನು ಬಿಟ್ಟು ಸೌರ ವಿದ್ಯುತ್ತಿನಿಂದಲೇ ಕಿಲ್ನ್ (ಕಲ್ಲು ಸುಡುವ ಕುಲುಮೆ) ಕಾಯಿಸಿದರೂ ಈ ಪಾಲು ತಪ್ಪುವುದಿಲ್ಲ, ಅದನ್ನು ಹಿಡಿಯಲೇಬೇಕು.

ಹಿಡಿಯಬಲ್ಲ ವಸ್ತುಗಳಲ್ಲಿ ಲೋಹ-ಸಾವಯವ ಚೌಕಟ್ಟುಗಳು (ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಜೋಡಿಸಿದ ರಂಧ್ರಮಯ ಹರಳುಗಳು), ಅಂದರೆ ಎಂಒಎಫ್‌ಗಳು, ಮುಖ್ಯವಾದವು. ಇವುಗಳಿಗಾಗಿಯೇ ವಿಜ್ಞಾನಿಗಳಾದ ಕಿತಾಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಕೆಲವು ಎಂಒಎಫ್‌ಗಳ ಒಂದೇ ಗ್ರಾಂ ಪುಡಿಯ ಒಳಮೈ ಸಾವಿರಾರು ಚದರ ಮೀಟರ್ ಇರುತ್ತದೆ. ಆದರೆ ಈ ಅಂಕಿಗೆ ಮರುಳಾಗಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಚಿಮಣಿಯ ಹೊಗೆಯಲ್ಲಿ ನೀರಾವಿಯೂ ಇರುತ್ತದೆ. 1999ರಲ್ಲಿ ವರದಿಯಾದ ಪ್ರಸಿದ್ಧ ಎಂಒಎಫ್-5 ತೇವದ ಗಾಳಿಯಲ್ಲೇ ಕುಸಿಯುತ್ತದೆ, ಇನ್ನು ಕೆಲವು ವಸ್ತುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸೇರಬೇಕಾದ ಜಾಗವನ್ನು ನೀರೇ ಆಕ್ರಮಿಸುತ್ತದೆ. ಅನಿಲವನ್ನು ಹಿಡಿದರಷ್ಟೇ ಸಾಲದು, ಬಿಡಲೂ ಬೇಕು: ಬಿಗಿಯಾಗಿ ಹಿಡಿದುಕೊಂಡರೆ ಅದನ್ನು ಹೊರಹಾಕಲು ಬೇಕಾಗುವ ಶಾಖವೇ ದುಬಾರಿಯಾಗುತ್ತದೆ, ಸಡಿಲವಾಗಿ ಹಿಡಿದರೆ ಹೊಗೆಯೊಂದಿಗೆ ಜಾರಿಹೋಗುತ್ತದೆ. ಈ ಎರಡರ ನಡುವಿನ ಹದವನ್ನು ಅಣುವಿನ ಮಟ್ಟದಲ್ಲಿ ಕಂಡುಕೊಳ್ಳುವುದೇ ನಮ್ಮ ವೃತ್ತಿಯ ತಿರುಳು, ಅದರ ಸೊಗಸೂ ಹೌದು.

ದುಬಾರಿ ರಾಸಾಯನಿಕಗಳೇ ಬೇಕೆಂದೇನೂ ಇಲ್ಲ. ನಮ್ಮ ಹೊಲಗಳಲ್ಲಿ ಉಳಿಯುವ ತೊಗರಿ ಕಟ್ಟಿಗೆಯನ್ನು ಗಾಳಿಯಿಲ್ಲದೆ ಇದ್ದಿಲಾಗಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಸುಮಾರು 700-800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಸೂಕ್ಷ್ಮರಂಧ್ರಗಳ ಇಂಗಾಲ ಸಿಗುತ್ತದೆ. ಇಂಥ ಇಂಗಾಲ ಅನಿಲ ಹಿಡಿಯುವುದಕ್ಕೂ, ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸೂಪರ್‌ಕೆಪಾಸಿಟರ್‌ಗೂ ಒದಗುತ್ತದೆ.

ಈಗ ಉಷ್ಣಗತಿಶಾಸ್ತ್ರವನ್ನೂ ಮೇಲ್ಮೈ ರಸಾಯನವನ್ನೂ ಗಟ್ಟಿ ಮಾಡಿಕೊಳ್ಳಿ. ಎಂ.ಎಸ್ಸಿ.ಯನ್ನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೇ ಮಾಡಬಹುದು. ಅನಂತರ ನೆಟ್-ಜೆಆರ್‌ಎಫ್ ಅಥವಾ ಗೇಟ್ ಅರ್ಹತಾ ಪರೀಕ್ಷೆಯ ಮೂಲಕ ಪಿಎಚ್.ಡಿ.ಗೆ ಪ್ರಯತ್ನಿಸಿ. ಮಾರ್ಗದರ್ಶಕರನ್ನು ಆರಿಸುವಾಗ ಒಂದು ವಿಷಯವನ್ನು ತಪ್ಪದೆ ವಿಚಾರಿಸಿ: ಆ ಪ್ರಯೋಗಾಲಯದಲ್ಲಿ ಒಣ ಅನಿಲವನ್ನಷ್ಟೇ ಅಳೆಯುತ್ತಾರೋ, ತೇವ ಬೆರೆತ ಮಿಶ್ರ ಅನಿಲವನ್ನು ಹಾಯಿಸಿ, ಒಂದೇ ಪುಡಿಯನ್ನು ಮತ್ತೆ ಮತ್ತೆ ತುಂಬಿಸಿ ಬರಿದುಮಾಡಿ ನೋಡುತ್ತಾರೋ?